ಪ್ರಶ್ನೋತ್ತರ: ತಡವಾಗಿ ಬಂದು ಬಹುಕಾಲ ನಿಂತ ಸ್ಟ್ರೈಕರ್

ಜೇಮಿ ವಾರ್ಡಿ 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿಗೆ ವಿದಾಯ ಹೇಳಿದರು. ಆ ಊರಿನ ಮೈದಾನದಲ್ಲಿ ಅವರ ಕೊನೆಯ ಪಂದ್ಯ ಕ್ಲಬ್ ಪರವಾಗಿ ಐನೂರನೆಯದು; ಅಂದು ಇಪ್ಸ್‌ವಿಚ್ ವಿರುದ್ಧ ಹೊಡೆದ ಗೋಲು ಇನ್ನೂರನೆಯದು. ಆಗಿನಿಂದ ಅವರ ಬಗ್ಗೆ ಓದುಗರು ಬರೆಯುತ್ತಲೇ ಇದ್ದಾರೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ.

ಇಪ್ಪತ್ತಮೂರು ದಾಟಿದರೂ ವಾರ್ಡಿ ಊರಿನ ಸಣ್ಣ ಕ್ಲಬ್ಬೊಂದರಲ್ಲಿ ಆಡುತ್ತ ಕಾರ್ಖಾನೆ ಕೆಲಸ ಮಾಡುತ್ತಿದ್ದರಂತೆ. ಇಪ್ಪತ್ತೊಂಬತ್ತಕ್ಕೆ ಪ್ರೀಮಿಯರ್ ಲೀಗ್ ಚಾಂಪಿಯನ್. ಇದು ಸಿನಿಮಾ ಕಥೆಯಂತಿದೆ. ನಡುವೆ ಏನಾಯಿತು?
— ಒಬ್ಬ ಓದುಗ, ದಾವಣಗೆರೆ

ನಡುವೆ ಆದದ್ದನ್ನು ತಿಳಿಯಲು ಇಂಗ್ಲೆಂಡಿನ ಫುಟ್‌ಬಾಲ್ ವ್ಯವಸ್ಥೆಯನ್ನು ಮೊದಲು ನೋಡಬೇಕು. ಅಲ್ಲಿ ಪ್ರೀಮಿಯರ್ ಲೀಗಿನಲ್ಲಿ ಇಪ್ಪತ್ತು ತಂಡಗಳಿವೆ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟು ಎಂಬ ಮೂರು ಹಂತಗಳು, ಒಂದೊಂದರಲ್ಲೂ ಇಪ್ಪತ್ನಾಲ್ಕು ತಂಡಗಳು. ಒಟ್ಟು 92 ಕ್ಲಬ್‌ಗಳು. ಸಾಮಾನ್ಯವಾಗಿ ನಮ್ಮ ಕಿವಿಗೆ ಬೀಳುವುದು ಇಷ್ಟೇ. ಆದರೆ ಇಂಗ್ಲೆಂಡಿನ ಫುಟ್‌ಬಾಲ್ ಅಲ್ಲಿಗೆ ನಿಲ್ಲುವುದಿಲ್ಲ. ಐದನೇ ಹಂತದಿಂದ ಕೆಳಗೆ ನಾನ್-ಲೀಗ್ ಎಂದು ಕರೆಯುವ ದೊಡ್ಡ ಲೋಕವಿದೆ. ಹಂತ ಇಳಿದಂತೆ ಲೀಗ್‌ಗಳು ಪ್ರಾಂತ್ಯವಾರು ಕವಲೊಡೆಯುತ್ತವೆ. ಪ್ರತಿ ಹಂತದಲ್ಲೂ ಗೆದ್ದವರು ಮೇಲೆ ಹೋಗುತ್ತಾರೆ, ಸೋತವರು ಕೆಳಗಿಳಿಯುತ್ತಾರೆ. ಮೇಲಿನ ಕ್ಲಬ್‌ಗಳ ಆಯ್ಕೆಗಾರರು ಕೆಳಗಿನ ಮೈದಾನಗಳಿಗೂ ಬಂದು ಕೂರುತ್ತಾರೆ.

ವಾರ್ಡಿ ಹುಟ್ಟಿದ್ದು 1987ರಲ್ಲಿ, ಶೆಫೀಲ್ಡ್‌ನಲ್ಲಿ. ಅವರು 2007ರಲ್ಲಿ ದೊಡ್ಡವರ ತಂಡಕ್ಕೆ ಕಾಲಿಟ್ಟ ಕ್ಲಬ್ಬಿನ ಹೆಸರು ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್. ಉಕ್ಕಿನ ಕಾರ್ಖಾನೆಯ ಊರು ಅದು, ಕ್ಲಬ್ಬಿನ ಹೆಸರಿನಲ್ಲೂ ಉಕ್ಕು ಉಳಿದಿದೆ. ತಂಡ ಆಗ ಎಂಟನೇ ಹಂತದಲ್ಲಿತ್ತು. ಅವರಿಗೆ ವಾರಕ್ಕೆ ಸಿಗುತ್ತಿದ್ದದ್ದು 30 ಪೌಂಡ್. ಹಗಲು ಕೈಕಾಲಿಗೆ ಕಟ್ಟುವ ವೈದ್ಯಕೀಯ ಆಧಾರ ಪಟ್ಟಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿಮೆ, ಸಂಜೆ ಅಭ್ಯಾಸ, ಶನಿವಾರ ಪಂದ್ಯ.

2010ರಲ್ಲಿ ಎಫ್‌ಸಿ ಹ್ಯಾಲಿಫ್ಯಾಕ್ಸ್ ಟೌನ್ 15,000 ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಆ ತಂಡ ಏಳನೇ ಹಂತದ ತನ್ನ ಲೀಗನ್ನು ಗೆದ್ದಿತು. ಮರುವರ್ಷ ಐದನೇ ಹಂತದ ಫ್ಲೀಟ್‌ವುಡ್ ಟೌನ್. ಅಲ್ಲಿ ಒಂದೇ ಋತುವಿನ ಲೀಗ್ ಪಂದ್ಯಗಳಲ್ಲಿ 31 ಗೋಲು ಹೊಡೆದರು. ಫ್ಲೀಟ್‌ವುಡ್ ತನ್ನ ಇತಿಹಾಸದಲ್ಲೇ ಮೊದಲ ಸಲ 92 ಕ್ಲಬ್‌ಗಳ ಸಾಲಿಗೆ ಏರಿತು. 2012ರ ಮೇ ತಿಂಗಳಲ್ಲಿ ಎರಡನೇ ಹಂತದಲ್ಲಿದ್ದ ಲೆಸ್ಟರ್ ಸಿಟಿ ಹತ್ತು ಲಕ್ಷ ಪೌಂಡ್ ತೆತ್ತು ಅವರನ್ನು ಕರೆದೊಯ್ಯಿತು. ನಾನ್-ಲೀಗ್ ಆಟಗಾರನೊಬ್ಬನಿಗೆ ಅಷ್ಟು ಹಣವನ್ನು ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ.

ಹಂತ ಏರಿದಾಗಲೆಲ್ಲ ಇದಕ್ಕಿಂತ ಮೇಲೆ ಇವನಿಂದಾಗದು ಎಂಬ ಮಾತು ಕೇಳಿಬರುತ್ತಿತ್ತು, ಪ್ರತಿ ಸಲವೂ ಅವರು ಕೊನೆಗೆ ಗೋಲು ಹೊಡೆದರು. ಹಾಗಾಗಿ ಇದನ್ನು ಪವಾಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಗಿಲು ತೆರೆದಿಟ್ಟುಕೊಂಡ ವ್ಯವಸ್ಥೆ ಇತ್ತು, ಒಂದೊಂದೇ ಮೆಟ್ಟಿಲು ಹತ್ತಿದ ಆಟಗಾರನಿದ್ದ. ಮೊದಲನೆಯದು ಇಲ್ಲದಿದ್ದರೆ ಎರಡನೆಯವನ ಹೆಸರೇ ನಮಗೆ ಗೊತ್ತಾಗುತ್ತಿರಲಿಲ್ಲ. ಸ್ಟಾಕ್ಸ್‌ಬ್ರಿಜ್ ಮೈದಾನದ ಒಂದು ಪ್ರೇಕ್ಷಕರ ಸ್ಟ್ಯಾಂಡಿಗೆ ಈಗ ಅವರದೇ ಹೆಸರಿದೆ.

ನನ್ನ ಮಗನಿಗೆ ಹದಿನೈದು ವರ್ಷ. ಆಯ್ಕೆ ಶಿಬಿರವೊಂದರಲ್ಲಿ ಆಟ ಚೆನ್ನಾಗಿದೆ, ಆದರೆ ಎತ್ತರ ಸಾಲದು ಎಂದು ಕಳಿಸಿಬಿಟ್ಟರು. ಹುಡುಗ ಬೂಟು ಮುಟ್ಟುತ್ತಿಲ್ಲ. ವಾರ್ಡಿಗೂ ಹೀಗೇ ಆಗಿತ್ತಂತೆ. ಅವನಿಗೆ ಏನು ಹೇಳಲಿ?
— ಒಬ್ಬ ತಂದೆ, ಶಿವಮೊಗ್ಗ

ಹೌದು, ಹೀಗೇ ಆಗಿತ್ತು. ವಾರ್ಡಿ ಬಾಲ್ಯದಿಂದ ಪ್ರೀತಿಸಿದ ಕ್ಲಬ್ ಶೆಫೀಲ್ಡ್ ವೆನ್ಸ್‌ಡೇ. ಹದಿನಾರರ ಹೊಸ್ತಿಲಲ್ಲಿ ಅದೇ ಕ್ಲಬ್ ಮೈಕಟ್ಟು ಸಣ್ಣದು ಎಂದು ಅವರನ್ನು ಕೈಬಿಟ್ಟಿತು. ಅವರೂ ಕೆಲವು ತಿಂಗಳು ಚೆಂಡನ್ನೇ ಮುಟ್ಟಲಿಲ್ಲ. ನಿಮ್ಮ ಮಗ ಈಗ ಪಡುತ್ತಿರುವ ದುಃಖ ಸಹಜವಾದದ್ದು. ಅದನ್ನು ಅವಸರದಿಂದ ಒರೆಸಲು ಹೋಗಬೇಡಿ.

ಮೊದಲು ನೀವು ತಿಳಿಯಬೇಕಾದದ್ದು ಗಂಡುಮಕ್ಕಳ ಬೆಳವಣಿಗೆಯ ವಿಷಯ. ಎತ್ತರ ಸರ್ರನೆ ಏರುವ ಕಾಲ ಒಬ್ಬನಿಗೆ ಹನ್ನೆರಡಕ್ಕೇ ಬರಬಹುದು, ಇನ್ನೊಬ್ಬನಿಗೆ ಹದಿನೈದು ದಾಟಿದ ಮೇಲೆ. ಶಾಲೆಯ ದಾಖಲೆಯಲ್ಲಿ ಒಂದೇ ವಯಸ್ಸಿನ ಇಬ್ಬರು ಹುಡುಗರ ಮೈ ಎರಡು ಮೂರು ವರ್ಷಗಳಷ್ಟು ಹಿಂದುಮುಂದಾಗಿರುವುದುಂಟು. ಬೇಗ ಬೆಳೆದ ಹುಡುಗ ಭುಜ ಕೊಟ್ಟು ಗೆಲ್ಲುತ್ತಾನೆ, ಆಯ್ಕೆಗಾರರ ಕಣ್ಣಿಗೆ ಬೀಳುತ್ತಾನೆ. ತಡವಾಗಿ ಬೆಳೆಯುವವನು ಅಷ್ಟರಲ್ಲಿ ಮನೆಗೆ ಹೋಗಿರುತ್ತಾನೆ. ಇಂಗ್ಲೆಂಡಿನ ಕ್ಲಬ್‌ಗಳಿಗೆ ಇದರ ನಷ್ಟ ಅರ್ಥವಾಗಿ, ಈಚಿನ ವರ್ಷಗಳಲ್ಲಿ ವಯಸ್ಸಿನ ಬದಲು ಮೈಯ ಬೆಳವಣಿಗೆ ನೋಡಿ ಹುಡುಗರನ್ನು ಗುಂಪು ಮಾಡಿ ಆಡಿಸುವ ಪಂದ್ಯಗಳನ್ನು ಪ್ರಯೋಗವಾಗಿ ನಡೆಸುತ್ತಿವೆ. ವಾರ್ಡಿ ಕೊನೆಗೆ ಐದಡಿ ಹತ್ತಂಗುಲದ ಆಸುಪಾಸಿಗೆ ಬೆಳೆದರು.

ಇಂಥ ಇನ್ನೊಬ್ಬರನ್ನು ಮಗನಿಗೆ ಪರಿಚಯಿಸಿ. ರಿಕ್ಕಿ ಲ್ಯಾಂಬರ್ಟ್. ಅವರನ್ನು ಲಿವರ್‌ಪೂಲ್ ಹದಿನೈದಕ್ಕೆ ಬಿಟ್ಟುಬಿಟ್ಟಿತು. ಮುಂದೆ ಕೆಳ ಹಂತದಲ್ಲಿ ಅಲೆಯುವಾಗ ಬೀಟ್‌ರೂಟ್ ತುಂಬುವ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ಹಾಕಿ ದುಡಿದರು. 2013ರ ಆಗಸ್ಟಿನಲ್ಲಿ, ಮೂವತ್ತೊಂದನೇ ವಯಸ್ಸಿನಲ್ಲಿ, ಇಂಗ್ಲೆಂಡ್ ಪರ ಮೊದಲ ಸಲ ಮೈದಾನಕ್ಕಿಳಿದು ಮೊದಲ ಸ್ಪರ್ಶಕ್ಕೇ ಸ್ಕಾಟ್ಲೆಂಡ್ ವಿರುದ್ಧ ಗೆಲುವಿನ ಗೋಲು ಹೊಡೆದರು. ಇಂಗ್ಲೆಂಡಿನ ಇನ್ನೊಬ್ಬ ಸ್ಟ್ರೈಕರ್ ಇಯಾನ್ ರೈಟ್ ಕೂಡ ವೃತ್ತಿ ಫುಟ್‌ಬಾಲಿಗೆ ಬಂದಾಗ ಇಪ್ಪತ್ತೆರಡರ ಹತ್ತಿರದವರು.

ಇಷ್ಟು ಹೇಳಿದ ಮೇಲೆ ಕಹಿಯಾದ ಮಾತನ್ನೂ ಹೇಳಬೇಕು. ಹೀಗೆ ಕೈಬಿಡಲಾದ ಹುಡುಗರಲ್ಲಿ ಬಹುಪಾಲು ಮಂದಿ ಮತ್ತೆ ಮೇಲೆ ಬರುವುದಿಲ್ಲ. ಇಂಗ್ಲೆಂಡಿನಲ್ಲೇ ಬರುವುದಿಲ್ಲ, ಅಷ್ಟು ಹಂತಗಳಿರುವ ಕಡೆ. ಆದ್ದರಿಂದ ಮಗನ ಓದು ನಿಲ್ಲಿಸಬೇಡಿ. ವಾರ್ಡಿಯ ಕಾರ್ಖಾನೆ ಕೆಲಸವನ್ನು ಕಷ್ಟದ ದಿನಗಳೆಂದು ಮಾತ್ರ ಬರೆಯುತ್ತಾರೆ. ನನ್ನ ಕಣ್ಣಿಗೆ ಅವರನ್ನು ಆಟದಲ್ಲಿ ಉಳಿಸಿದ್ದೇ ಆ ಕೆಲಸ. ಬಾಡಿಗೆ ಕಟ್ಟುವ ಚಿಂತೆ ಇಲ್ಲದವನು ಇಪ್ಪತ್ತಮೂರರವರೆಗೂ ಶನಿವಾರಕ್ಕೆ ಕಾಯಬಲ್ಲ.

ಹುಡುಗನಿಗೆ ವಾರಕ್ಕೊಮ್ಮೆಯಾದರೂ ನಿಜವಾದ ಪಂದ್ಯ ಸಿಗುವಂತೆ ನೋಡಿಕೊಳ್ಳಿ. ತಂಡ ದೊಡ್ಡದಿರಬೇಕೆಂದಿಲ್ಲ, ಅವನಿಗಿಂತ ಎರಡು ವರ್ಷ ದೊಡ್ಡವರು ಆಡುವ ತಂಡವಾದರೆ ಇನ್ನೂ ಒಳ್ಳೆಯದು. ಬೂಟನ್ನು ನೀವು ಎತ್ತಿ ಕೈಗೆ ಕೊಡಬೇಡಿ. ಗೆಳೆಯರು ಕರೆಯಲು ಬರುವಂತೆ ಮಾಡಿ.

ಲೆಸ್ಟರ್ ಸೇರಿದ ಮೇಲೆ ಒಮ್ಮೆ ಅವರು ಆಟವನ್ನೇ ಬಿಡಲು ಹೊರಟಿದ್ದರಂತೆ. ಅಷ್ಟು ಗಟ್ಟಿ ಮನುಷ್ಯನಿಗೆ ಹಾಗೇಕೆ ಆಯಿತು?
— ಬಿ.ಎಸ್ಸಿ. ವಿದ್ಯಾರ್ಥಿ, ತುಮಕೂರು

ಬೆಲೆಯ ಭಾರದಿಂದ. ಹತ್ತು ಲಕ್ಷ ಪೌಂಡಿನ ನಾನ್-ಲೀಗ್ ಆಟಗಾರ ಎಂಬ ಹಣೆಪಟ್ಟಿ ಹೊತ್ತು ಬಂದವರು 2012-13ರಲ್ಲಿ ಹೊಡೆದದ್ದು ಬೆರಳೆಣಿಕೆಯ ಗೋಲು. ಪ್ರೇಕ್ಷಕರು ಬೈದರು. ಮೊದಲ ಸಲ ಕೈತುಂಬ ಸಂಬಳ ಬಂದಿತ್ತು, ಕುಡಿತವೂ ಹೆಚ್ಚಿತ್ತು. ತಾನು ಈ ಹಂತಕ್ಕೆ ಸೇರಿದವನಲ್ಲ ಎಂದು ಅವರಿಗೇ ಅನಿಸಿಬಿಟ್ಟಿತ್ತು. ಮ್ಯಾನೇಜರ್ ನೈಜಲ್ ಪಿಯರ್‌ಸನ್ ಮತ್ತು ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಅವರನ್ನು ಕೂರಿಸಿಕೊಂಡು ಮಾತಾಡಿದರು, ಇನ್ನೆಲ್ಲಿಗೂ ಕಳಿಸುವುದಿಲ್ಲ, ನಿನ್ನನ್ನು ನಂಬಿಯೇ ತಂದಿದ್ದೇವೆ ಎಂದರು. ಮುಂದಿನ ಋತುವಿನ ಲೀಗ್‌ನಲ್ಲಿ 16 ಗೋಲು ಬಂದವು, ಲೆಸ್ಟರ್ 102 ಅಂಕ ಗಳಿಸಿ ಪ್ರೀಮಿಯರ್ ಲೀಗಿಗೆ ಏರಿತು.

ಆ ಕೆಟ್ಟ ಋತುವಿನ ಒಂದು ಚಿತ್ರ ಬಹಳ ಪ್ರಸಿದ್ಧ. 2013ರ ಮೇ ತಿಂಗಳಲ್ಲಿ ಮೇಲಿನ ಹಂತಕ್ಕೇರಲು ವಾಟ್‌ಫರ್ಡ್ ವಿರುದ್ಧ ಆಡಿದ ಪ್ಲೇ-ಆಫ್ ಪಂದ್ಯದಲ್ಲಿ ಲೆಸ್ಟರ್‌ನ ಬದಲಿ ಆಟಗಾರರ ಬೆಂಚಿನ ಮೇಲೆ ಇಬ್ಬರು ಮಂಕಾಗಿ ಕೂತಿದ್ದಾರೆ. ಒಬ್ಬರು ವಾರ್ಡಿ. ಇನ್ನೊಬ್ಬರು ಟಾಟನ್‌ಹ್ಯಾಮ್‌ನಿಂದ ಎರವಲು ಬಂದಿದ್ದ ಹ್ಯಾರಿ ಕೇನ್. ಎರಡನೇ ಹಂತದ ತಂಡವೊಂದರ ಹನ್ನೊಂದರಲ್ಲಿ ಅಂದು ಇಬ್ಬರಿಗೂ ಜಾಗವಿರಲಿಲ್ಲ. ಮುಂದೆ ಈ ಇಬ್ಬರೂ ಇಂಗ್ಲೆಂಡಿನ ಮುಂಪಡೆಯಲ್ಲಿ ಆಡಿದರು.

ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ ನಾನು. ಮಕ್ಕಳಿಗೆ ವಾರ್ಡಿಯ ಕಥೆ ಹೇಳಬೇಕೆಂದುಕೊಂಡೆ. ಅವರ ಹೊಡೆದಾಟದ ಪ್ರಕರಣ, ಜನಾಂಗೀಯ ನಿಂದನೆ ಓದಿ ಹಿಂದೇಟು ಹಾಕಿದೆ. ಹೇಳಬಹುದೇ?
— ಶಿಕ್ಷಕರು, ಮೈಸೂರು

ಹೇಳಿ ಸರ್. ಆದರೆ ಪೂರ್ತಿ ಹೇಳಿ.

2007ರಲ್ಲಿ ಪಬ್ಬೊಂದರ ಹೊರಗಿನ ಹೊಡೆದಾಟಕ್ಕಾಗಿ ಅವರಿಗೆ ಶಿಕ್ಷೆಯಾಯಿತು. ಕಿವಿಗೆ ಶ್ರವಣ ಸಾಧನ ಹಾಕಿದ್ದ ಗೆಳೆಯನನ್ನು ಯಾರೋ ಗೇಲಿ ಮಾಡಿದ್ದು ಜಗಳಕ್ಕೆ ಕಾರಣವೆಂದು ಅವರೇ ಹೇಳಿದ್ದಾರೆ. ಕಾರಣ ಏನೇ ಇರಲಿ, ಆರು ತಿಂಗಳು ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿದರು, ಸಂಜೆ ಆರರೊಳಗೆ ಮನೆ ಸೇರಬೇಕೆಂದು ಆದೇಶವಾಯಿತು. ದೂರದೂರಿನ ಪಂದ್ಯಗಳಲ್ಲಿ ಒಂದು ಗಂಟೆಯಷ್ಟು ಆಡಿ, ಹೊರಗೆ ಕಾಯುತ್ತಿದ್ದ ಕಾರು ಹತ್ತಿ ಓಡುತ್ತಿದ್ದರು. ಈ ಭಾಗವನ್ನು ಪತ್ರಿಕೆಗಳು ರಂಜನೆಗಾಗಿ ಬರೆಯುತ್ತವೆ. ಮಕ್ಕಳ ಎದುರು ರಂಜನೆ ಬೇಡ. ಪಂದ್ಯದ ಕೊನೆಯ ಅರ್ಧ ಗಂಟೆಯನ್ನು ಸ್ವಂತ ಕೈಯಾರೆ ಕಳೆದುಕೊಂಡ ಇಪ್ಪತ್ತರ ಹುಡುಗನ ಕಥೆಯಾಗಿ ಹೇಳಿ.

ಎರಡನೆಯದು ಇನ್ನೂ ಗಂಭೀರ. 2015ರಲ್ಲಿ, ಹೆಸರು ಬಂದ ಮೇಲೆ, ಕ್ಯಾಸಿನೊ ಒಂದರಲ್ಲಿ ಪೂರ್ವ ಏಷ್ಯಾ ಮೂಲದ ವ್ಯಕ್ತಿಯೊಬ್ಬರನ್ನು ಜನಾಂಗೀಯವಾಗಿ ಹೀಯಾಳಿಸಿದರು. ಕ್ಲಬ್ ದಂಡ ಹಾಕಿತು, ಅವರು ಕ್ಷಮೆ ಕೇಳಿದರು. ಅದೇ ಋತುವಿನಲ್ಲಿ ಅವರು ದೇಶದ ಕಣ್ಮಣಿಯಾದರು, ಜನ ಅದನ್ನು ಮರೆತರು. ನಾನು ಮರೆಯಬಾರದೆಂದು ನಂಬಿದವನು. ಗೋಲುಗಳ ಎಣಿಕೆಯಿಂದ ಆ ಮಾತು ತೊಳೆದುಹೋಗುವುದಿಲ್ಲ. ನಿಮ್ಮ ಮಕ್ಕಳು ಇದನ್ನೂ ಕೇಳಿಸಿಕೊಂಡು, ಪ್ರಶ್ನೆ ಕೇಳಿ, ಆಮೇಲೂ ಅವರ ಓಟವನ್ನು ಮೆಚ್ಚಬಹುದು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಆ ಶಕ್ತಿ ಇದೆ.

ಸತತ ಪಂದ್ಯಗಳಲ್ಲಿ ಗೋಲು ಹೊಡೆದ ಇಂಗ್ಲಿಷ್ ದಾಖಲೆ ವಾರ್ಡಿಯದೇ?
— ರಸಪ್ರಶ್ನೆ ಬಳಗ, ಧಾರವಾಡ

ಪ್ರೀಮಿಯರ್ ಲೀಗ್ ದಾಖಲೆ ಅವರದು: 2015ರ ಆಗಸ್ಟಿನಿಂದ ನವೆಂಬರ್‌ವರೆಗೆ ಸತತ 11 ಪಂದ್ಯ. ಅದಕ್ಕೆ ಮೊದಲು ರೂಡ್ ವಾನ್ ನಿಸ್ಟಲ್‌ರಾಯ್ ಅವರ 10 ಇತ್ತು. ಇಂಗ್ಲೆಂಡಿನ ಅತ್ಯುನ್ನತ ಹಂತದ ಒಟ್ಟಾರೆ ದಾಖಲೆ ಶೆಫೀಲ್ಡ್ ಯುನೈಟೆಡ್‌ನ ಜಿಮ್ಮಿ ಡನ್ ಹೆಸರಿನಲ್ಲಿದೆ, 1931-32ರ ಋತುವಿನಲ್ಲಿ ಸತತ 12. ಪ್ರಶ್ನೆಪತ್ರಿಕೆಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಕೆಲಸದ ನಿಮಿತ್ತ ಹಲವು ವರ್ಷಗಳಿಂದ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿನ ಗುಜರಾತಿ ಅಂಗಡಿಯವರಿಂದ ಹಿಡಿದು ಬಸ್ ಚಾಲಕರವರೆಗೆ ಎಲ್ಲರೂ ವಾರ್ಡಿಯನ್ನು ಮನೆಮಗನಂತೆ ನೆನೆಯುತ್ತಾರೆ. 2016ರಲ್ಲಿ ಆರ್ಸೆನಲ್ ಕರೆದಾಗ ಹೋಗಿದ್ದರೆ ಇನ್ನೂ ದೊಡ್ಡ ಆಟಗಾರರಾಗುತ್ತಿದ್ದರೇ?
— ಕನ್ನಡಿಗ, ಲೆಸ್ಟರ್

ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

2015-16ರ ಲೆಸ್ಟರ್ ಹೇಗೆ ಆಡುತ್ತಿತ್ತು, ನೆನಪಿಸಿಕೊಳ್ಳಿ. ಆಗಿನ ಮ್ಯಾನೇಜರ್ ಕ್ಲಾಡಿಯೊ ರಾನಿಯೇರಿ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತಿದ್ದರು. ಎದುರಾಳಿಗಳು ಮುಂದೆ ಬರುತ್ತಿದ್ದರು, ಅವರ ಹಿಂದೆ ಬಯಲು ತೆರೆದುಕೊಳ್ಳುತ್ತಿತ್ತು. ಸಹ ಆಟಗಾರ ಕಾಂಟೆ ಚೆಂಡು ಕಿತ್ತರೆ, ಪಾಸ್ ಕೊಡಲು ಡ್ರಿಂಕ್‌ವಾಟರ್ ಅಥವಾ ಮಹ್ರೇಜ್ ತಲೆ ಎತ್ತುವ ಹೊತ್ತಿಗೆ ವಾರ್ಡಿ ಆಗಲೇ ಓಡುತ್ತಿದ್ದರು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹನ್ನೊಂದನೇ ಪಂದ್ಯದ ದಾಖಲೆ ಗೋಲು ಇದಕ್ಕೆ ಒಳ್ಳೆಯ ಉದಾಹರಣೆ. ಯುನೈಟೆಡ್‌ನ ಕಾರ್ನರನ್ನು ಲೆಸ್ಟರ್ ಗೋಲ್‌ಕೀಪರ್ ಶ್ಮೈಕಲ್ ಹಿಡಿದು ಸಹ ಆಟಗಾರ ಫುಕ್ಸ್‌ಗೆ ಎಸೆದರು, ಫುಕ್ಸ್ ಓಡಿಬಂದು ಡಿಫೆಂಡರ್‌ಗಳ ನಡುವೆ ಚೆಂಡು ತೂರಿಸಿದರು, ವಾರ್ಡಿ ಗೋಲು ಹೊಡೆದರು. ಎದುರಾಳಿಯ ಕಾರ್ನರೇ ಲೆಸ್ಟರ್‌ನ ದಾಳಿಯ ಆರಂಭವಾಗಿತ್ತು. ಋತುವಿನ ಆರಂಭದಲ್ಲಿ ಜೂಜುಕಟ್ಟೆಗಳು ಒಂದಕ್ಕೆ ಐದು ಸಾವಿರ ಕೊಡುತ್ತಿದ್ದ ತಂಡ 81 ಅಂಕಗಳೊಂದಿಗೆ ಪ್ರಶಸ್ತಿ ಗೆದ್ದಿತು, ಎರಡನೆಯದಾಗಿ ಬಂದ ಆರ್ಸೆನಲ್‌ಗಿಂತ ಹತ್ತು ಅಂಕ ಮುಂದೆ. ವಾರ್ಡಿಯದು 24 ಗೋಲು. 2016ರ ಮೇ 2ರ ರಾತ್ರಿ ಚೆಲ್ಸಿ ಮತ್ತು ಟಾಟನ್‌ಹ್ಯಾಮ್ 2-2 ಸಮ ಮಾಡಿಕೊಂಡು ಪ್ರಶಸ್ತಿ ಖಚಿತವಾದಾಗ ತಂಡದವರೆಲ್ಲ ಸೇರಿ ಪಂದ್ಯ ನೋಡುತ್ತಿದ್ದದ್ದು ವಾರ್ಡಿ ಮನೆಯಲ್ಲೇ.

ಆರ್ಸೆನಲ್‌ನಲ್ಲಿ ಚೆಂಡು ಸದಾ ತಮ್ಮ ಬಳಿಯೇ ಇರುತ್ತದೆ. ಎದುರಾಳಿಗಳು ಪೆನಾಲ್ಟಿ ಪೆಟ್ಟಿಗೆಯ ಮುಂದೆ ಗುಂಪು ಕಟ್ಟಿ ನಿಲ್ಲುತ್ತಾರೆ. ಓಡಲು ಬಯಲೆಲ್ಲಿ? ಲೆಸ್ಟರ್ ಚಾಂಪಿಯನ್ ಆದ ಮರುವರ್ಷವೇ ಇದರ ಸುಳಿವು ಸಿಕ್ಕಿತು. ಎದುರಾಳಿಗಳು ಹಿಂದೆ ಸರಿದು ನಿಂತರು, ವಾರ್ಡಿಯ ಲೀಗ್ ಗೋಲುಗಳು 13ಕ್ಕೆ ಇಳಿದವು. ಇಂಗ್ಲೆಂಡ್ ತಂಡದಲ್ಲೂ ಇದೇ ಕಾರಣಕ್ಕೆ ಅವರು ಬಹಳಷ್ಟು ಸಲ ಬೆಂಚಿನ ಮೇಲಿದ್ದರು. 26 ಪಂದ್ಯ, 7 ಗೋಲು. ಅದರಲ್ಲಿ 2016ರ ಯುರೋ ಕೂಟದಲ್ಲಿ ವೇಲ್ಸ್ ವಿರುದ್ಧ ಬದಲಿಯಾಗಿ ಬಂದು ಸಮ ಮಾಡಿದ ಗೋಲು ಮರೆಯುವಂತಿಲ್ಲ.

ಇನ್ನು ಊರಿನ ಮಾತು. ಮಾಲೀಕ ವಿಚಾಯ್ ಶ್ರೀವದ್ಧನಪ್ರಭ 2018ರ ಅಕ್ಟೋಬರಿನಲ್ಲಿ ಕ್ರೀಡಾಂಗಣದ ಪಕ್ಕದಲ್ಲೇ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಾಗ ವಾರ್ಡಿ ಕ್ಲಬ್ಬಿನಲ್ಲಿದ್ದರು. 2021ರಲ್ಲಿ ಕ್ಲಬ್ ಮೊದಲ ಸಲ ಎಫ್ಎ ಕಪ್ ಎತ್ತಿದಾಗ ಇದ್ದರು. 2023ರಲ್ಲಿ ತಂಡ ಎರಡನೇ ಹಂತಕ್ಕೆ ಜಾರಿದಾಗಲೂ ಬಿಟ್ಟುಹೋಗದೆ, ಮೂವತ್ತೇಳರ ವಯಸ್ಸಿನಲ್ಲಿ ಮತ್ತೆ ಮೇಲಕ್ಕೆ ತಂದರು. ಆರ್ಸೆನಲ್‌ಗೆ ಹೋದವರಿಗೆ ನಿಮ್ಮ ಅಂಗಡಿಯವರ ಈ ಪ್ರೀತಿ ಸಿಗುತ್ತಿರಲಿಲ್ಲ.

ವಾರ್ಡಿ ಪಂದ್ಯದ ದಿನ ಎನರ್ಜಿ ಡ್ರಿಂಕ್ ಕುಡಿಯುತ್ತಾರಂತೆ, ಜಿಮ್ಮಿಗೆ ಹೋಗುವುದಿಲ್ಲವಂತೆ. ನಾವೂ ಹಾಗೆ ಮಾಡಬಹುದೇ?
— ಪಿಯುಸಿ ಗೆಳೆಯರು, ಹಾಸನ

ಬೇಡ. ಅವರು ಹಾಗೆ ಹೇಳಿಕೊಂಡಿರುವುದು ನಿಜ. ಅದರಿಂದ ಅವರು ವೇಗವಾಗಿ ಓಡಿದರು ಎನ್ನಲು ಆಧಾರವಿಲ್ಲ. ಆ ಪಾನೀಯಗಳಲ್ಲಿ ಕೆಫೀನ್ ಮತ್ತು ಸಕ್ಕರೆ ತುಂಬಿರುತ್ತವೆ, ನಿಮ್ಮ ವಯಸ್ಸಿಗೆ ನಿದ್ದೆಯೂ ಎದೆಬಡಿತವೂ ಕೆಡುತ್ತವೆ. ನೀರು ಕುಡಿಯಿರಿ, ಮನೆ ಊಟ ಮಾಡಿ.

ಶಿಯರರ್, ಕೇನ್, ವಾರ್ಡಿ: ಇಂಗ್ಲೆಂಡಿನ ಸ್ಟ್ರೈಕರ್‌ಗಳಲ್ಲಿ ನಿಮ್ಮ ಆಯ್ಕೆ ಯಾರು?
— ನಿವೃತ್ತ ಬ್ಯಾಂಕ್ ನೌಕರ, ಬೆಳಗಾವಿ

ಗೋಲು ಹೊಡೆಯುವ ಒಬ್ಬನನ್ನು ಮಾತ್ರ ಆರಿಸಬೇಕೆಂದರೆ ಅಲನ್ ಶಿಯರರ್. ಪ್ರೀಮಿಯರ್ ಲೀಗಿನಲ್ಲಿ 260 ಗೋಲು, ಅದೂ ಎರಡು ಸಲ ದೊಡ್ಡ ಗಾಯಗಳಿಂದ ಎದ್ದು ಬಂದು. ತಂಡವನ್ನೇ ಹೆಣೆಯುವವನು ಬೇಕೆಂದರೆ ಕೇನ್. ವಾರ್ಡಿಯ ಪ್ರೀಮಿಯರ್ ಲೀಗ್ ಗೋಲುಗಳು 145. ಆ ಲೀಗಿನಲ್ಲಿ ಅವರು ಮೊದಲ ಪಂದ್ಯ ಆಡಿದ್ದೇ ಇಪ್ಪತ್ತೇಳು ತುಂಬಿದ ಮೇಲೆ, ಅಷ್ಟರಲ್ಲಿ ಶಿಯರರ್ ಆ ಲೀಗಿನಲ್ಲಿ ನೂರು ದಾಟಿದ್ದರು. ವಾರ್ಡಿಯ ಗೋಲುಗಳಲ್ಲಿ ನೂರಕ್ಕೂ ಹೆಚ್ಚು ಬಂದದ್ದು ಮೂವತ್ತರ ನಂತರ. 2019-20ರಲ್ಲಿ 23 ಗೋಲು ಹೊಡೆದು, ಮೂವತ್ತಮೂರರಲ್ಲಿ ಲೀಗಿನ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಪಡೆದರು. ಆ ವಯಸ್ಸಿನಲ್ಲಿ ಅದನ್ನು ಗೆದ್ದವರು ಅದಕ್ಕೆ ಮೊದಲು ಇರಲಿಲ್ಲ. ಬೇರೆಯವರು ಹದಿನೇಳರಿಂದ ಸವೆಸಿದ ಕಾಲನ್ನು ಅವರು ತಡವಾಗಿ ಸವೆಸಲು ಶುರು ಮಾಡಿದ್ದು ಇದಕ್ಕೆ ಒಂದು ಕಾರಣವಿರಬಹುದು. ಲೆಸ್ಟರ್ ಬಿಟ್ಟ ಮೇಲೂ ಮೂವತ್ತೆಂಟರಲ್ಲಿ ಇಟಲಿಯ ಕ್ರೆಮೊನೆಸೆ ಸೇರಿದರು.

ಶ್ರೇಷ್ಠರ ಪಟ್ಟಿಯಲ್ಲಿ ಅವರು ಮೊದಲಿಗರಲ್ಲ. ಆದರೆ ಟಿಕೆಟ್ ಕೊಂಡು ನೋಡಲು ಒಬ್ಬರನ್ನೇ ಆರಿಸು ಎಂದರೆ ನಾನು ವಾರ್ಡಿ ಆಡುವ ಮೈದಾನಕ್ಕೆ ಹೋಗುತ್ತೇನೆ.

ಕಾಲೇಜು ತಂಡದ ಸ್ಟ್ರೈಕರ್ ನಾನು. ವೇಗ ಇದೆ. ಆದರೆ ಪಂದ್ಯಕ್ಕೆ ನಾಲ್ಕೈದು ಸಲ ಆಫ್‌ಸೈಡ್ ಬಾವುಟ ಏಳುತ್ತದೆ. ವಾರ್ಡಿ ಹೇಗೆ ತಪ್ಪಿಸಿಕೊಳ್ಳುತ್ತಿದ್ದರು?
— ವಿದ್ಯಾರ್ಥಿನಿ, ಮಂಗಳೂರು

ಪತ್ರಗಳಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ನಿಮ್ಮದೇ ತಂಗಿ, ಏಕೆಂದರೆ ವಾರ್ಡಿಯನ್ನು ನೋಡಬೇಕಾದದ್ದು ಇಲ್ಲೇ. ಮೊದಲ ಮಾತು: ಅವರೂ ಪದೇ ಪದೇ ಸಿಕ್ಕಿಬೀಳುತ್ತಿದ್ದರು. ಆಫ್‌ಸೈಡ್ ಗೆರೆಯ ಮೇಲೆ ಬದುಕುವ ಸ್ಟ್ರೈಕರ್‌ಗೆ ಬಾವುಟ ಏಳುವುದು ತಪ್ಪಿದ್ದಲ್ಲ. ನಾಲ್ಕು ಸಲ ಬಾವುಟ ಎದ್ದು ಐದನೇ ಸಲ ಗೋಲಾದರೆ ಲೆಕ್ಕ ಸರಿಯಾಯಿತು.

ಆದರೂ ಕಡಿಮೆ ಮಾಡಬಹುದು. ಆಫ್‌ಸೈಡ್ ತೀರ್ಮಾನವಾಗುವುದು ಪಾಸ್ ಹೊರಟ ಕ್ಷಣದಲ್ಲಿ. ನೀವು ಬಹುಶಃ ಚೆಂಡನ್ನು ನೋಡಿ ಓಡುತ್ತಿದ್ದೀರಿ. ಪಾಸ್ ಕೊಡುವವಳ ಕಾಲನ್ನೂ ತಲೆಯನ್ನೂ ನೋಡಿ. ಅವಳು ಮೊದಲ ಸ್ಪರ್ಶದಲ್ಲಿ ಚೆಂಡನ್ನು ಮುಂದೆ ಹಾಕಿಕೊಂಡು ತಲೆ ಎತ್ತಿದಳೆಂದರೆ ಮುಂದಿನದು ಪಾಸ್. ಆಗ ಹೊರಡಿ. ತಲೆ ತಗ್ಗಿಸಿದ್ದರೆ ಕಾಯಿರಿ.

ಎರಡನೆಯದು, ನೇರವಾಗಿ ಓಡಬೇಡಿ. ವಾರ್ಡಿಯ ಹಳೆಯ ಗೋಲುಗಳನ್ನು ಹುಡುಕಿ ನೋಡಿ. ಅವರು ಮೊದಲು ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ಎರಡು ಮೂರು ಹೆಜ್ಜೆ ಅಡ್ಡ ಓಡುತ್ತಾರೆ, ಪಾಸ್ ಹೊರಟ ಮೇಲೆ ಗೋಲಿನ ಕಡೆ ತಿರುಗುತ್ತಾರೆ. ಗೆರೆ ದಾಟುವ ಹೊತ್ತಿಗೆ ಅವರ ಕಾಲಿಗೆ ವೇಗ ಬಂದಿರುತ್ತದೆ, ಡಿಫೆಂಡರ್ ಇನ್ನೂ ತಿರುಗುತ್ತಿರುತ್ತಾನೆ.

ಮೂರನೆಯದು ನಿಲ್ಲುವ ಜಾಗ. ಡಿಫೆಂಡರ್ ಚೆಂಡನ್ನೂ ನಿಮ್ಮನ್ನೂ ಒಟ್ಟಿಗೆ ನೋಡಲಾಗದಂತೆ, ಅವಳ ಬೆನ್ನ ಕಡೆಯ ಭುಜದ ಹಿಂದೆ ನಿಲ್ಲಿ. ಚೆಂಡು ದೂರವಿದ್ದಾಗ ಒಂದು ಗಜ ಆಫ್‌ಸೈಡಿನಲ್ಲಿದ್ದರೂ ಚಿಂತೆಯಿಲ್ಲ. ಪಾಸ್‌ಗೆ ಮೊದಲು ಒಂದು ಹೆಜ್ಜೆ ಹಿಂದೆ ಬನ್ನಿ, ನಿಮ್ಮನ್ನು ಹುಡುಕಲು ಅವಳು ತಲೆ ತಿರುಗಿಸಿದಾಗಲೇ ಹೊರಡಿ.

ಇದನ್ನು ಒಬ್ಬಳೇ ಕಲಿಯಲಾಗದು. ನಿಮಗೆ ಹೆಚ್ಚು ಪಾಸ್ ಕೊಡುವ ಗೆಳತಿಯನ್ನು ಕರೆದುಕೊಳ್ಳಿ, ಇನ್ನೊಬ್ಬಳನ್ನು ಡಿಫೆಂಡರ್ ಆಗಿ ನಿಲ್ಲಿಸಿ. ಅಭ್ಯಾಸ ಮುಗಿದ ಮೇಲೆ ಹದಿನೈದು ನಿಮಿಷ ಇದನ್ನಷ್ಟೇ ಆಡಿ: ಗೋಲು ಬೇಡ, ಹೊರಡುವ ಕ್ಷಣ ಮಾತ್ರ. ಒಂದು ತಿಂಗಳ ನಂತರ ಬಾವುಟ ಎಷ್ಟು ಸಲ ಎದ್ದಿತೆಂದು ಬರೆದು ತಿಳಿಸಿ.